ಐದು ಗೇರೋ, ನಾಲ್ಕು ಗೇರೋ?

ಮಲ್ಲೇಶ್ವರದ ನಮ್ಮ ಅಕ್ಕ ಹೋದ ಆಷಾಢದಲ್ಲಿ ನನ್ನನ್ನು ಕರೆಸಿಕೊಂಡು, ಕಾಫಿಯ ಲೋಟ ಮುಂದಿಡುವ ಮೊದಲೇ ದೂರು ಒಪ್ಪಿಸಿದಳು. "ಕಾರು ಕೊಳ್ಳುವುದಕ್ಕೆ ಅವನಿಗೆ ಗತಿಯಿಲ್ಲವೇನೋ? ಇಂಗ್ಲೆಂಡಿನಲ್ಲಿ ಕೈತುಂಬ ಸಂಬಳ ಎಣಿಸುವವನು ಗುಜರಿಯಿಂದ ಕಬ್ಬಿಣ ಹೊತ್ತು ತಂದು ಮನೆಯ ಷೆಡ್ಡಿನಲ್ಲಿ ಕಾರು ಕಟ್ಟುತ್ತಾನಂತೆ! ಚಿಕ್ಕಂದಿನಲ್ಲಿ ಅವನ ಕೈಗೆ ಸ್ಪ್ಯಾನರು ಕೊಟ್ಟವನು ನೀನು. ನೀನೇ ಹೇಳಿ ಬಿಡಿಸು."

ಬಿಡಿಸಲು ಹೋದ ನಾನೇ ಸಿಕ್ಕಿಕೊಂಡೆ. ಅಂದು ರಾತ್ರಿ ಹುಡುಗನಿಗೆ ದೂರವಾಣಿಯಲ್ಲಿ ಮಾತನಾಡಿದಾಗ, ನಾನು ಉಪದೇಶಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆತ, "ಮಾವ, ಒಳ್ಳೆಯ ಹೊತ್ತಿಗೆ ಸಿಕ್ಕಿದಿರಿ. ಗೇರುಪೆಟ್ಟಿಗೆ ಕೂರುತ್ತಿಲ್ಲ. ಬೆಸೆದ ಚೌಕಟ್ಟನ್ನು ಕೊಯ್ಯಬೇಕೋ, ಪೆಟ್ಟಿಗೆಯನ್ನೇ ಬದಲಿಸಬೇಕೋ ನೀವೇ ಹೇಳಿ" ಎಂದ. ಮುಂದಿನ ಒಂದು ತಿಂಗಳು ನನ್ನ ಮೇಜಿನ ಮೇಲೆ ಗೇರಿನ ಲೆಕ್ಕವಲ್ಲದೆ ಬೇರೇನೂ ಇರಲಿಲ್ಲ.

ವಾಚಕರು ಇದನ್ನು ಒಬ್ಬ ಹುಡುಗನ ಹುಚ್ಚೆಂದು ತಿಳಿಯಬಾರದು. ಬ್ರಿಟನ್ನಿನಲ್ಲಿ ಮನೆಯಲ್ಲೇ ಕ್ರೀಡಾಕಾರು ಕಟ್ಟುವ ವಾಡಿಕೆ ಹಳೆಯದು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಸಿದ್ಧ ಕಾರಿನ ಮೇಲೆ ಭಾರಿ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಂಡವನಿಗೆ ಆ ತೆರಿಗೆ ತಪ್ಪುತ್ತಿತ್ತು. ಕಾಲಿನ್ ಚಾಪ್‌ಮನ್ ಎಂಬ ತರುಣ 1948ರಲ್ಲಿ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಕಿತ್ತು ತನ್ನ ಮೊದಲ ಗಾಡಿಯನ್ನು ಕಟ್ಟಿದ. ಅದೇ ಮುಂದೆ ಲೋಟಸ್ ಎಂಬ ಹೆಸರಿಗೆ ಬೀಜವಾಯಿತು. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಜನ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರು. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಅನುಕೂಲ ಹೋಯಿತು; ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು, 250 ಪೌಂಡಿನಷ್ಟು ಅಲ್ಪ ವೆಚ್ಚದಲ್ಲಿ ಕ್ರೀಡಾಕಾರನ್ನು ಸ್ವತಃ ಕಟ್ಟುವ ಬಗೆಯನ್ನು ವಿವರಿಸುವ ಪುಸ್ತಕ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟಿನ ಅಂಗಾಂಗಗಳೇ ಅದಕ್ಕೆ ಬಂಡವಾಳ. ನಮ್ಮ ಹುಡುಗ ಹಿಡಿದದ್ದು ಆ ಹಾದಿಯನ್ನೇ. 250 ಪೌಂಡಿನ ಮಾತನ್ನು ಮಾತ್ರ ಆತ ಈಗ ಎತ್ತುವುದಿಲ್ಲ.

ಇಂಥ ಕಾರಿನಲ್ಲಿ ಬಹುಭಾಗವನ್ನು ಮನೆಯಲ್ಲಿಯೇ ಮಾಡಬಹುದು. ಚೌಕಾಕಾರದ ಉಕ್ಕಿನ ಕೊಳವೆಗಳನ್ನು ಕೊಯ್ದು ಬೆಸೆದರೆ ಚೌಕಟ್ಟು; ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿದರೆ ಮೈ. ಗೇರುಪೆಟ್ಟಿಗೆಯನ್ನು ಮಾತ್ರ ಷೆಡ್ಡಿನಲ್ಲಿ ಮಾಡಲಾಗದು. ಅದರೊಳಗಿನ ಹಲ್ಲುಗಾಲಿಗಳನ್ನು ಕಡೆದು, ಕಾಯಿಸಿ, ಗಡಸುಗೊಳಿಸಿ, ಉಜ್ಜಿ ನುಣುಪು ಮಾಡುವುದು ಕಾರ್ಖಾನೆಯ ಕೆಲಸ. ಆದ್ದರಿಂದ ಅದನ್ನು ಯಾವುದಾದರೂ ಸಂಸಾರಸ್ಥರ ಕಾರಿನಿಂದ ಎರವಲು ತರಬೇಕು. ತೊಡಕು ಹುಟ್ಟುವುದು ಅಲ್ಲಿಯೇ. ಆ ಪೆಟ್ಟಿಗೆ ನಾಲ್ಕೈದು ಜನರನ್ನೂ ಅವರ ಗಂಟುಮೂಟೆಗಳನ್ನೂ ಏರಿನಲ್ಲಿ ಎಳೆಯಲೆಂದು ಹುಟ್ಟಿದ್ದು. ಮನೆಯಲ್ಲಿ ಕಟ್ಟಿದ ಕಾರಾದರೋ ಐದಾರು ನೂರು ಕಿಲೋ ತೂಗುವ ಎರಡು ಆಸನದ ಗಾಡಿ.

ಹುಡುಗ ಗುಜರಿಯಿಂದ ಅಗ್ಗಕ್ಕೆ ತಂದದ್ದು ಫೋರ್ಡ್ ಸಿಯೆರಾ ಕಾರಿನ ಐದು ಗೇರಿನ ಪೆಟ್ಟಿಗೆ. ಟೈಪ್ 9 ಎಂದು ಅದರ ಹೆಸರು. ಸಿಯೆರಾ 1982ರಿಂದ 1993ರವರೆಗೆ ತಯಾರಾದ ಕಾರು. ಅಲ್ಲಿಯ ಮನೆಗಾರುಗಳಲ್ಲಿ ಈ ಪೆಟ್ಟಿಗೆಯನ್ನು ಬಳಸಿದವರು ಅಸಂಖ್ಯ. ನಾಲ್ಕಕ್ಕಿಂತ ಐದು ಮೇಲಲ್ಲವೇ ಎಂಬುದು ಆತನ ವಾದ. ಯಾರಿಗಾದರೂ ಹಾಗೆಯೇ ತೋರುತ್ತದೆ.

ಆಗುಂಬೆಯ ಘಾಟಿಯನ್ನು ಹಳೆಯ ಕಾರಿನಲ್ಲಿ ಹತ್ತಿದವರು ಒಂದು ಸಂಗತಿಯನ್ನು ಬಲ್ಲರು. ಎರಡನೆಯ ಗೇರಿನಲ್ಲಿ ಎಂಜಿನ್ನು ಕಿರುಚುತ್ತದೆ. ಪಾಪವೆಂದು ಮೂರನೆಯದಕ್ಕೆ ಹಾಕಿದರೆ ಏದುಸಿರು ಬಿಟ್ಟು ನಿಲ್ಲುವಂತಾಗುತ್ತದೆ. "ಇವೆರಡರ ನಡುವೆ ಇನ್ನೊಂದಿರಬೇಕಾಗಿತ್ತು" ಎಂದು ನಮ್ಮ ತಂದೆಯವರು ತಿರುವು ತಿರುವಿಗೂ ಗೊಣಗುತ್ತಿದ್ದುದು ನನಗೆ ಇನ್ನೂ ನೆನಪಿದೆ. ಗೇರುಪೆಟ್ಟಿಗೆಯ ಗುಣವನ್ನು ಗೇರುಗಳ ಎಣಿಕೆಯಿಂದ ಅಳೆಯಬಾರದು; ಒಂದಕ್ಕೂ ಮುಂದಿನದಕ್ಕೂ ಇರುವ ಅಂತರದಿಂದ ಅಳೆಯಬೇಕು. ಮೆಟ್ಟಿಲು ಐದಿದ್ದರೇನು, ಮೊದಲನೆಯದಕ್ಕೂ ಎರಡನೆಯದಕ್ಕೂ ಮೊಳಕಾಲೆತ್ತರವಿದ್ದರೆ ಹತ್ತುವವನು ಎಡವುತ್ತಾನೆ.

ಟೈಪ್ 9 ಪೆಟ್ಟಿಗೆಯ ಪ್ರಮಾಣಗಳು ಕ್ರಮವಾಗಿ 3.65, 1.97, 1.37, 1, 0.82. ಎಂದರೆ, ಮೊದಲನೆಯ ಗೇರಿನಲ್ಲಿ ಎಂಜಿನ್ನು 3.65 ಸುತ್ತು ತಿರುಗಿದಾಗ ಪೆಟ್ಟಿಗೆಯ ಹಿಂದಿನಿಂದ ಹೊರಡುವ ದಂಡ ಒಂದು ಸುತ್ತು ತಿರುಗುತ್ತದೆ. ಎಂಜಿನ್ನನ್ನು ನಿಮಿಷಕ್ಕೆ 6,000 ಸುತ್ತಿನವರೆಗೆ ಎಳೆದು ಎರಡನೆಯ ಗೇರಿಗೆ ಹಾಕಿದೆವೆನ್ನಿ. ಸುತ್ತು 3,240ಕ್ಕೆ ಕುಸಿಯುತ್ತದೆ. ಹುಡುಗನ ಎಂಜಿನ್ನು 1600 ಸಿ.ಸಿ.ಯ ಹಳೆಯ ಫೋರ್ಡು. ಓಟಕ್ಕೆ ಹದಗೊಳಿಸಿದ ಕ್ಯಾಮ್ ಷಾಫ್ಟು ಹಾಕಿದ್ದರಿಂದ 3,500 ಸುತ್ತಿನ ಕೆಳಗೆ ಅದು ಊಟವಾದ ಮೇಲಿನ ಗುಮಾಸ್ತೆಯಂತೆ ತೂಕಡಿಸುತ್ತದೆ. ಹೀಗಾಗಿ ಗೇರು ಬದಲಿಸಿದೊಡನೆ ಕಾರು ಒಂದು ಗಳಿಗೆ ಸತ್ತು ಬದುಕಬೇಕು. ಅಷ್ಟೇ ಅಲ್ಲ, ಆತನ ಚಕ್ರ ಮತ್ತು ಹಿಂದಿನ ಆಕ್ಸಿಲಿನ 3.9 ಪ್ರಮಾಣವನ್ನು ಹಿಡಿದು ಗುಣಿಸಿದರೆ, ಮೊದಲನೆಯ ಗೇರು ಗಂಟೆಗೆ 43 ಕಿಲೋಮೀಟರಿಗೇ ಮುಗಿದುಹೋಗುತ್ತದೆ.

"ಹಾಗಾದರೆ ಆಕ್ಸಿಲಿನ ಕ್ರೌನ್ ಪಿನಿಯನ್ ಬದಲಿಸಿಬಿಡುತ್ತೇನೆ ಮಾವ" ಎಂದ. ಇದು ಈ ಹವ್ಯಾಸದವರಲ್ಲಿ ಬಹು ಜನ ಎಡವುವ ಸ್ಥಳ. ಆಕ್ಸಿಲಿನ ಪ್ರಮಾಣ ಬದಲಿಸಿದರೆ ಎಲ್ಲ ಗೇರುಗಳೂ ಒಟ್ಟಾಗಿ ಮೇಲೆಯೋ ಕೆಳಗೆಯೋ ಸರಿಯುತ್ತವೆ. ನಡುವಣ ಅಂತರ ಕೂದಲೆಳೆಯಷ್ಟೂ ಕಡಿಮೆಯಾಗದು. ಏಣಿಯನ್ನು ಎತ್ತಿ ಜಗುಲಿಯ ಮೇಲಿಟ್ಟ ಮಾತ್ರಕ್ಕೆ ಅದರ ಮೆಟ್ಟಿಲುಗಳು ಹತ್ತಿರವಾಗುವುದುಂಟೇ? ಅಂತರವನ್ನು ತಿದ್ದಬೇಕಾದರೆ ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಗಾಲಿಗಳನ್ನೇ ಬದಲಿಸಬೇಕು. ಅಂಥ ಗಾಲಿಗಳು ಅಲ್ಲಿ ದೊರೆಯುತ್ತವೆ. ಆದರೆ ಆತ ಪೆಟ್ಟಿಗೆಗೆ ಕೊಟ್ಟ ಹಣದ ಹಲವು ಪಾಲು ಅವುಗಳಿಗೇ ತೆರಬೇಕು.

ಇನ್ನು ಕೂರಿಸುವ ಪಾಡು. ಆತನ ಚೌಕಟ್ಟು ಎಸ್ಕಾರ್ಟಿನ ನಾಲ್ಕು ಗೇರಿನ ಪೆಟ್ಟಿಗೆಯ ಅಳತೆಗೆ ಬೆಸೆದದ್ದು. ಟೈಪ್ 9 ಅದಕ್ಕಿಂತ ಉದ್ದ. ಅದನ್ನು ಒಳಗಿಟ್ಟರೆ ಗೇರಿನ ಹಿಡಿ ಚಾಲಕನ ಮೊಣಕೈಯ ಕೆಳಕ್ಕೆ ಬರುತ್ತದೆ. ಎರಡು ಕೊಳವೆಗಳನ್ನು ಕೊಯ್ಯದೆ ಗತ್ಯಂತರವಿಲ್ಲ. ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚವೊಂದಿರುತ್ತದೆ. ಬೇರೆ ಬೇರೆ ಕುಲದ ಇವೆರಡನ್ನು ಕೂಡಿಸಲು ಆತ ಒಂದು ಹೊಸ ಕವಚವನ್ನು ತರಿಸಿಕೊಂಡಿದ್ದ. ಬೋಲ್ಟುಗಳೆಲ್ಲ ಸಲೀಸಾಗಿ ಕೂತವು. ಬೋಲ್ಟು ಕೂತರೆ ಸಾಲದಪ್ಪಾ, ನಡುವು ನಡುವಿಗೆ ಕೂಡಬೇಕು ಎಂದು ಹೇಳಿ, ಫ್ಲೈವೀಲಿಗೆ ಡಯಲ್ ಗೇಜು ಕಟ್ಟಿ ಕೈಯಿಂದ ಒಂದು ಸುತ್ತು ತಿರುಗಿಸಿ, ಅದರ ಮುಳ್ಳು ಕವಚದ ರಂಧ್ರದ ಅಂಚಿನ ಮೇಲೆ ಎಷ್ಟು ಸರಿಯುವುದೆಂದು ನೋಡಹೇಳಿದೆ. ಒಟ್ಟು 0.6 ಮಿಲಿಮೀಟರು ಸರಿಯಿತು. ಅದರ ಅರ್ಧ, ಅಂದರೆ 0.3, ನಿಜವಾದ ಓರೆ. ಇರಬೇಕಾದದ್ದು 0.1ರ ಆಸುಪಾಸು. ಕಣ್ಣಿಗೆ ಕಾಣದ ಈ ಓರೆಯೇ ಕೆಲವು ಸಾವಿರ ಮೈಲಿಗಳಲ್ಲಿ ಮುಂದಿನ ಬೇರಿಂಗನ್ನು ತಿಂದುಹಾಕುತ್ತದೆ, ಕ್ಲಚ್ಚು ಹಿಡಿದುಕೊಳ್ಳುವಂತೆ ಮಾಡುತ್ತದೆ, ಓಡುವಾಗ ಗೇರು ತಾನಾಗಿ ಕಳಚುವಂತೆ ಮಾಡುತ್ತದೆ. ಕೇಂದ್ರ ಸರಿಸಿದ ಡೋವೆಲ್ ಪಿನ್ನುಗಳನ್ನು ಹಾಕಿ ಇದನ್ನು ತಿದ್ದಬಹುದು. ತಿದ್ದದೆ ಬಿಡುವವರೇ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೂ ಐದನೆಯ ಗೇರಿನ ಪರವಾಗಿ ಒಂದು ಮಾತಿದೆ. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ನಾಲ್ಕನೆಯ ಗೇರು ಎಂಜಿನ್ನನ್ನು 3,800 ಸುತ್ತು ತಿರುಗಿಸಿದರೆ, ಐದನೆಯದು 3,100ರಲ್ಲೇ ಮುಗಿಸುತ್ತದೆ. ಪೆಟ್ರೋಲು ಉಳಿಯುತ್ತದೆ, ಕಿವಿಗೂ ಹಿತ. ದಿನವೂ ಹೆದ್ದಾರಿಯಲ್ಲಿ ಕಚೇರಿಗೆ ಹೋಗುವವನು ಇದನ್ನೇ ಆರಿಸಿಕೊಳ್ಳುವುದು ಜಾಣತನ. ಆದ್ದರಿಂದ, "ಈ ಕಾರಿನಲ್ಲಿ ಎಲ್ಲಿಗೆ ಹೋಗುತ್ತೀಯೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಬೆಳಿಗ್ಗೆ ಹಳ್ಳಿಯ ರಸ್ತೆಗಳಲ್ಲಿ, ಮಾವ. ಮಳೆಯಿಲ್ಲದಿದ್ದರೆ" ಎಂದ. ಹೆಂಡತಿಯೊಡನೆ ಮಾತನಾಡುತ್ತ ದೂರ ಹೋಗಬೇಕೆಂಬ ಆಸೆಯೂ ಇತ್ತಂತೆ. ಬಾಗಿಲೂ ಮಾಡೂ ಇಲ್ಲದ ಕಾರಿನಲ್ಲಿ ಗಾಳಿಯ ಅಬ್ಬರದ ಮುಂದೆ ಎಷ್ಟು ಗೇರಿದ್ದರೂ ಮಾತು ಸಾಗದೆಂದು ಆಕೆಯೇ ತೀರ್ಪಿತ್ತಳು.

ನನ್ನ ಸಲಹೆ ಇದು: ಚೌಕಟ್ಟಿಗೆ ಗರಗಸ ಹಾಕಬೇಡ, ಐದು ಗೇರಿನ ಪೆಟ್ಟಿಗೆಯನ್ನು ಮಾರು, 2000ಇ ಪೆಟ್ಟಿಗೆಯನ್ನು ಹುಡುಕು. 1967ರ ಫೋರ್ಡ್ ಕಾರ್ಸೇರ್ 2000ಇ ಕಾರಿನಿಂದ ಹೆಸರು ಪಡೆದ ಈ ನಾಲ್ಕು ಗೇರಿನ ಪೆಟ್ಟಿಗೆಯ ಪ್ರಮಾಣ 2.97, 2.01, 1.40, 1. ಅದೇ 6,000 ಸುತ್ತಿನಲ್ಲಿ ಗೇರು ಬದಲಿಸಿದರೆ ಸುತ್ತು ಇಳಿಯುವುದು ಕ್ರಮವಾಗಿ 4,060, 4,180, 4,290ಕ್ಕೆ. ಎಂಜಿನ್ನಿಗೆ ನಿದ್ರೆಯ ಮಾತೇ ಇಲ್ಲ. ಮೊದಲನೆಯ ಗೇರು 53 ಕಿಲೋಮೀಟರಿನವರೆಗೆ ಎಳೆಯುತ್ತದೆ. ಎಂಜಿನ್ನಿನ ಕುಲಬಾಂಧವ್ಯವೂ ಇರುವುದರಿಂದ ಪರಕೀಯ ಕವಚದ ಕಾಟವಿಲ್ಲ. ಒಂದೇ ಕೊರತೆಯೆಂದರೆ, ಇಂದು ಅದು ಅಪರೂಪದ ವಸ್ತು, ಬೆಲೆಯೂ ಹಾಗೆಯೇ. ಹುಡುಗ ಎರಡು ತಿಂಗಳು ಅಲೆದು ಒಂದನ್ನು ತಂದು, ಬಿಚ್ಚಿ, ಸವೆದ ಸಿಂಕ್ರೋ ಬಳೆಗಳನ್ನೂ ಬೇರಿಂಗುಗಳನ್ನೂ ಬದಲಿಸಿದ. ಕೊಟ್ಟ ಬೆಲೆಯನ್ನು ನನಗೆ ಹೇಳಿದ್ದಾನೆ. ಅಕ್ಕನಿಗೆ ನಾನು ಹೇಳಿಲ್ಲ.

ಆದರೆ ಅವಳಿಗೆ ಹೇಳಲೇಬೇಕಾದ ಇನ್ನೊಂದು ವಿಷಯವಿತ್ತು. ಪೆಟ್ಟಿಗೆಯಿಂದ ಹಿಂದಿನ ಆಕ್ಸಿಲಿಗೆ ಹೋಗುವ ಪ್ರೊಪೆಲ್ಲರ್ ಷಾಫ್ಟು ಇಂಥ ಕಾರಿನಲ್ಲಿ ಇಬ್ಬರ ಸೊಂಟಗಳ ನಡುವೆಯೇ ಹಾಯುತ್ತದೆ. ನಾಲ್ಕನೆಯ ಗೇರಿನಲ್ಲಿ, 6,000 ಸುತ್ತಿನ ವೇಗದಲ್ಲಿ, ಸೆಕೆಂಡಿಗೆ ನೂರು ಬಾರಿ ತಿರುಗುತ್ತದೆ. ಅದನ್ನು ಅಳತೆಗೆ ಕೊಯ್ಯಿಸಿ ಬೆಸೆಸಿದ ಮೇಲೆ ಯಂತ್ರದ ಮೇಲೆ ತೂಕ ಸರಿದೂಗಿಸಲೇಬೇಕು. ಮುಂದಿನ ಕೀಲು ಮುರಿದರೆ ದಂಡ ಚಿಮ್ಮದಂತೆ ಸುತ್ತಲೂ ಒಂದು ದಪ್ಪ ಉಕ್ಕಿನ ಬಳೆಯನ್ನು ಚೌಕಟ್ಟಿಗೆ ಬೆಸೆಯಬೇಕು. ಹುಡುಗ ಎರಡನ್ನೂ ಮಾಡಿ ಬಳೆಯ ಚಿತ್ರವನ್ನು ತಾಯಿಗೇ ಕಳುಹಿಸಿದ. ಕಾರಿಗೆ ಇನ್ನು ಉಳಿದಿರುವುದು ಅಲ್ಲಿಯ ಸರ್ಕಾರದ ತಪಾಸಣೆ. ಅದರಲ್ಲಿ ತೇರ್ಗಡೆಯಾದ ಮೇಲೆಯೇ ರಸ್ತೆಗಿಳಿಯುವ ಅಪ್ಪಣೆ.

ಅಕ್ಕ ಆ ಚಿತ್ರವನ್ನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಒಂದೇ ಯಾಕೋ ಹಾಕಿದಾನೆ? ಹಿಂದುಗಡೆಗೂ ಒಂದು ಹಾಕಬಾರದಂತೇನು?"

ಆತ ಹಿಂದುಗಡೆಗೂ ಒಂದು ಹಾಕಿದ್ದಾನೆ.