ಮನಸ್ಸು ನಿಲ್ಲದಿದ್ದರೆ ಜಪವೇ ಬೇಡವೇ?

‘ಮನಸ್ಸು ನಿಲ್ಲದ ಮೇಲೆ ಮಾಲೆ ಹಿಡಿದು ಕೂರುವುದು ಬೂಟಾಟಿಕೆಯಲ್ಲವೇ?’ ಎಂಬ ಮಾತು ಈಚೆಗೆ ನಮ್ಮ ತಾಳವಾಡಿ ಸೀಮೆಯ ಮನೆಗಳಲ್ಲೂ ಕೇಳಿಬರುತ್ತಿದೆ. ಓದಿದ ತರುಣರು ಇದನ್ನು ವಿಚಾರವಂತಿಕೆಯೆಂದು ಆಡುತ್ತಾರೆ. ವಯಸ್ಸಾದವರು ನಿಟ್ಟುಸಿರಿನೊಡನೆ ಆಡುತ್ತಾರೆ. ಕೊನೆಗೆ ಇಬ್ಬರ ಮಾಲೆಯೂ ಗೂಟಕ್ಕೇರುತ್ತದೆ. ಬಾಳಿನುದ್ದಕ್ಕೂ ಮಾಡಿದ ಜಪವೆಲ್ಲ ವ್ಯರ್ಥವಾಯಿತೆಂದು ಹಿರಿಯ ಜೀವವೊಂದು ಕೊರಗುವುದು ಸಣ್ಣ ನಷ್ಟವಲ್ಲ. ಆದ್ದರಿಂದ ಈ ಮಾತನ್ನು ನಾವು ಬಲವಾಗಿ ಖಂಡಿಸುತ್ತೇವೆ.

ಏಕಾಗ್ರತೆ ಬಂದ ಮೇಲೆ ಜಪಕ್ಕೆ ಕೂರುತ್ತೇನೆಂಬುದು ಈಜು ಬಂದ ಮೇಲೆ ನೀರಿಗಿಳಿಯುತ್ತೇನೆಂದಂತೆ. ಗೀತೆಯ ಆರನೆಯ ಅಧ್ಯಾಯದಲ್ಲಿ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆಂದು ಅರ್ಜುನನು ದೂರುತ್ತಾನೆ. ಕೃಷ್ಣನು ಅವನನ್ನು ಗದರಿಸಲಿಲ್ಲ. ಕಷ್ಟವೆಂದು ಒಪ್ಪಿ, ಅಭ್ಯಾಸ ಮತ್ತು ವೈರಾಗ್ಯಗಳಿಂದ ಸಾಧ್ಯವೆಂದನು. ಪತಂಜಲಿಯ ಯೋಗಸೂತ್ರದಲ್ಲಿ ಪ್ರಣವಜಪವನ್ನು ವಿಧಿಸಿದ ಬೆನ್ನಲ್ಲೇ ಒಂಬತ್ತು ವಿಘ್ನಗಳ ಪಟ್ಟಿಯಿದೆ. ರೋಗ, ಜಡತೆ, ಸಂಶಯ, ಆಲಸ್ಯಗಳೆಲ್ಲ ಅದರಲ್ಲಿವೆ. ಜಪಕ್ಕೆ ಕುಳಿತವನಿಗೆ ಇವು ಎದುರಾಗುವುವೆಂದು ಶಾಸ್ತ್ರಕಾರರು ಮೊದಲೇ ಬಲ್ಲವರಾಗಿದ್ದರು. ಬಸವಣ್ಣನವರೇ ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿಕೊಂಡಿದ್ದಾರೆ. ಅವರು ಮರೆಮಾಚದೆ ಹೇಳಿಕೊಂಡ ಕಷ್ಟ ನಮಗೂ ಬಂದರೆ ನಾವು ಅನರ್ಹರಾಗುವುದು ಹೇಗೆ?

ಆಕ್ಷೇಪಿಸುವವರ ಮಾತಿನಲ್ಲಿ ಒಂದಂಶ ಸತ್ಯವಿದೆ. ತುಟಿಯಲ್ಲಿ ಶಿವನಾಮ ಆಡುತ್ತಿರುವಾಗ ನೆರೆಯವನ ಹೊಲದ ಬದುವನ್ನು ಒತ್ತುವ ಉಪಾಯ ಹೂಡುವವನದು ಬೂಟಾಟಿಕೆಯೇ ಸರಿ. ಆದರೆ ಕರೆಯದೆ ಬಂದ ಯೋಚನೆ ಬೇರೆ, ಮಣೆ ಹಾಕಿ ಕೂರಿಸಿಕೊಂಡ ಯೋಚನೆ ಬೇರೆ. ನಮ್ಮ ರೈತರು ಅಟ್ಟಣೆಯೇರಿ ರಾತ್ರಿಯೆಲ್ಲ ಬೆಳೆ ಕಾಯುತ್ತಾರೆ. ಕಾಡಿನಿಂದ ಆನೆ ಇಳಿದರೆ ಕೂಗಿ ಅಟ್ಟುತ್ತಾರೆ, ಮತ್ತೆ ಬಂದರೆ ಮತ್ತೆ ಅಟ್ಟುತ್ತಾರೆ. ಆನೆ ಬಂದಿತೆಂಬ ಕಾರಣಕ್ಕೆ ತಾನು ರೈತನೇ ಅಲ್ಲವೆಂದು ಯಾರೂ ಹೊಲ ಬಿಟ್ಟು ಹೋಗುವುದಿಲ್ಲ. ಜಪದಲ್ಲಿಯೂ ಮನಸ್ಸು ಹೋದದ್ದು ತಿಳಿದೊಡನೆ ಮರಳಿ ಮಂತ್ರಕ್ಕೆ ತರುವುದೇ ಸಾಧನೆ. ನೂರು ಸಲ ಹೋದರೆ ನೂರು ಸಲ ತಂದಂತಾಯಿತು.

ಹಿರಿಯರು ಇದಕ್ಕೆ ಉಪಾಯಗಳನ್ನೂ ಇಟ್ಟುಹೋಗಿದ್ದಾರೆ. ಜಪವು ವಾಚಿಕ, ಉಪಾಂಶು, ಮಾನಸ ಎಂದು ಮೂರು ಬಗೆ. ಮಾನಸಜಪವೇ ಶ್ರೇಷ್ಠವೆಂದು ಕೇಳಿ ಎಲ್ಲರೂ ಅದಕ್ಕೇ ಕೈಹಾಕಿ ಸೋಲುತ್ತಾರೆ. ಮನಸ್ಸು ಚದುರಿದಾಗ ತುಟಿಯಾಡಿಸುವ ಉಪಾಂಶುವಿಗೆ ಇಳಿಯಬೇಕು. ಆಗಲೂ ನಿಲ್ಲದಿದ್ದರೆ ದನಿಯೆತ್ತಿ ಹೇಳಬೇಕು. ಮಹದೇಶ್ವರ ಬೆಟ್ಟ ಹತ್ತುವ ಭಕ್ತರು ಕಾಲು ಸೋತಾಗಲೇ ‘ಉಘೇ ಮಾದಪ್ಪ’ ಎಂದು ಗಟ್ಟಿಯಾಗಿ ಕೂಗುವುದನ್ನು ನಾವೆಲ್ಲ ಬಲ್ಲೆವು. ತೂಕಡಿಕೆ ಬಂದರೆ ಮುಖ ತೊಳೆದು, ನಡೆಯುತ್ತ ಜಪಿಸಬಹುದು. ಮನಸ್ಸು ಒಲ್ಲೆನೆಂದು ಹಟ ಹಿಡಿದ ದಿನ 108ರ ಬದಲು 27 ಮಣಿ ಸಾಕು. ಆದರೆ ಹೊತ್ತು ತಪ್ಪಬಾರದು.

ಇನ್ನೊಂದು ಮಾತು ತಂದೆತಾಯಿಗಳಿಗೆ. ಮಕ್ಕಳನ್ನು ಬಲವಂತದಿಂದ ಕೂರಿಸಿ, ಕಣ್ಣು ತೆರೆದರೆ ಗದರಿಸಿ, ಆಮೇಲೆ ಮೊಬೈಲಿನಲ್ಲಿ ಎಣಿಕೆ ನೋಡುವುದು ಸಂಸ್ಕಾರವಲ್ಲ. ಮಗ್ಗಿ ಹೇಳುವ ಮಗು ಕಿಟಕಿಯಾಚೆ ನೋಡಿದರೆ ಬಲ್ಲ ಉಪಾಧ್ಯಾಯರು ತಪ್ಪಿದ ಸಾಲಿನಿಂದ ಮತ್ತೆ ಹೇಳಿಸುತ್ತಾರೆ. ಮಗುವನ್ನು ಶಾಲೆಯಿಂದ ಹೊರಗಟ್ಟುವುದಿಲ್ಲ. ಜಪವೆಂದರೆ ಅರ್ಥದ ಭಾವನೆಯೂ ಹೌದೆಂದು ಪತಂಜಲಿಯೇ ಹೇಳಿದ್ದಾನೆ. ‘ನಮಃ ಶಿವಾಯ’ ಎಂದರೆ ಶಿವನಿಗೆ ನಮಸ್ಕಾರ ಎಂಬಷ್ಟನ್ನೂ ಮನೆಗನ್ನಡದಲ್ಲಿ ತಿಳಿಸಿಹೇಳದೆ, ಮಗುವಿಗೆ ಬೇಸರವೆಂದು ದೂರುವ ಹಕ್ಕು ನಮಗಿಲ್ಲ. ತಮಿಳು, ಇಂಗ್ಲಿಷುಗಳಲ್ಲಿ ಓದಿ ಬರುವ ಮಗುವಿಗೆ ಈ ಅರ್ಥವನ್ನು ನಾವಲ್ಲದೆ ಇನ್ನಾರು ಹೇಳಬೇಕು?

ಆದುದರಿಂದ ಗೂಟದಲ್ಲಿರುವ ಮಾಲೆಯನ್ನು ಈ ಸಂಜೆಯೇ ಕೆಳಗಿಳಿಸಿ ಎಂದು ಸಂಘದ ಬಂಧುಗಳನ್ನು ಒತ್ತಾಯಿಸುತ್ತೇವೆ. ಮನಸ್ಸು ಅಲೆದೇ ಅಲೆಯುತ್ತದೆ. ಅದನ್ನು ಕರೆತರುವ ಕೆಲಸ ಮಾತ್ರ ನಮ್ಮದು.