ಕೈಯೇ ಕಣ್ಣಾದವರು

ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಒಬ್ಬ ಸಂವಾಹಕ ಬರುತ್ತಾನೆ. ಪಾಟಲಿಪುತ್ರದ ಗೃಹಸ್ಥನೊಬ್ಬನ ಮಗನಾದ ಅವನು ಮೈಯೊತ್ತುವ ವಿದ್ಯೆಯನ್ನು ಕಲೆಯೆಂದು ಕಲಿತವನು. ಕಾಲಗತಿಯಿಂದ ಅದೇ ಅವನ ಹೊಟ್ಟೆಯ ಪಾಡಾಯಿತು. ವಸಂತಸೇನೆ ಅವನ ವೃತ್ತಿಯನ್ನು ವಿಚಾರಿಸಿದಾಗ ಅವನು ಈ ಇಳಿತವನ್ನೇ ಹೇಳಿಕೊಳ್ಳುತ್ತಾನೆ. ಮೈಯೊತ್ತುವವನಿಗೆ ಲೋಕ ಕೂಲಿಯನ್ನು ಕೊಟ್ಟಿದೆ. ಮನ್ನಣೆಯನ್ನು ಕೊಡುವಾಗ ಮಾತ್ರ ಅದರ ಕೈ ಬಿಗಿ.

ಜಪಾನಿನಲ್ಲಿ ನಡೆದುದು ಇದಕ್ಕೆ ವಿಪರೀತ. ಹೊಟ್ಟೆಯ ಪಾಡಿಗೆಂದು ಹಿಡಿದ ಕೆಲಸ ಅಲ್ಲಿ ಕಲೆಯಾಯಿತು, ಕಲೆ ಶಾಸ್ತ್ರವಾಯಿತು, ಶಾಸ್ತ್ರಕ್ಕೆ ಪಾಠಶಾಲೆಯೂ ಪರೀಕ್ಷೆಯೂ ಕಾಯಿದೆಯೂ ಬಂದುವು. ಈ ಏರಿಕೆಗೆ ಮುಖ್ಯ ಕಾರಣರಾದವರು ಕಣ್ಣಿಲ್ಲದವರೆಂಬುದೇ ಆ ಕಥೆಯ ವಿಶೇಷ.

ಅಂಗಮರ್ದನಕ್ಕೆ ಜಪಾನೀ ಭಾಷೆಯಲ್ಲಿ ‘ಅನ್ಮಾ’ ಎಂದು ಹೆಸರು. ಬಹು ಹಿಂದೆ ಚೀನದಿಂದ ಬಂದ ವಿದ್ಯೆಯಿದು. ಟೊಕುಗಾವಾ ಮನೆತನದ ಷೋಗನ್ನರು ಆಳಿದ ಕಾಲದಲ್ಲಿ ಇದು ಅಂಧರ ಮುಖ್ಯ ಕಸುಬುಗಳಲ್ಲಿ ಒಂದಾಯಿತು. ಸಂಗೀತ, ಸೂಜಿಚಿಕಿತ್ಸೆ, ಅಂಗಮರ್ದನಗಳಿಂದ ಬದುಕುತ್ತಿದ್ದ ಅಂಧರಿಗೆ ‘ತೋದೋಜಾ’ ಎಂಬ ತಮ್ಮದೇ ಆದ ಸಂಘವಿತ್ತು. ಅದರಲ್ಲಿ ಮೇಲು ಕೆಳಗಿನ ಪದವಿಗಳೂ ಇದ್ದುವು. ಇಂದಿನ ಟೋಕಿಯೋ ನಗರ ಅಂದು ಎಡೋ. ಅದರ ಬೀದಿಗಳಲ್ಲಿ ಇರುಳು ಕೋಲೂರಿಕೊಂಡು, ಸಣ್ಣದೊಂದು ಪೀಪಿಯನ್ನು ಊದುತ್ತ ಅಂಧನೊಬ್ಬ ನಡೆದುಬಂದರೆ, ದಣಿದವರು ಬಾಗಿಲು ತೆರೆದು ಅವನನ್ನು ಒಳಗೆ ಕರೆಯುತ್ತಿದ್ದರು.

ಈ ಬೀದಿಯ ಕಸುಬನ್ನು ಪಾಠಶಾಲೆಯ ಮೆಟ್ಟಿಲು ಹತ್ತಿಸಿದವನು ಸುಗಿಯಾಮಾ ವಾಇಚಿ. 1610ರಲ್ಲಿ ಸಮುರಾಯಿ ಮನೆತನದಲ್ಲಿ ಹುಟ್ಟಿದ ಆತ ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ. ಸೂಜಿಚಿಕಿತ್ಸೆ ಕಲಿಯಲು ಹೋದರೆ ಕೈ ಚುರುಕಿಲ್ಲವೆಂದು ಗುರುವೇ ಹೊರಗೆ ಕಳುಹಿಸಿದನಂತೆ. ಎನೋಷಿಮಾ ದ್ವೀಪದ ಗುಹೆಯಲ್ಲಿ ಬೆಂಜೈಟೆನ್ ದೇವಿಯ ಸನ್ನಿಧಿಯಲ್ಲಿ ಅವನು ಉಪವಾಸ ಕುಳಿತ. ಬೆಂಜೈಟೆನ್ ಎಂದರೆ ಬೇರೆ ಯಾರೂ ಅಲ್ಲ, ಬೌದ್ಧರೊಡನೆ ಕಡಲು ದಾಟಿಹೋದ ನಮ್ಮ ಸರಸ್ವತಿಯೇ. ಮರಳುವಾಗ ಕಲ್ಲಿಗೆ ಎಡವಿ ಬಿದ್ದವನ ಕೈಗೆ ಕೊಳವೆಯಂತೆ ಸುರುಳಿಯಾದ ಒಂದು ಎಲೆ, ಅದರೊಳಗೆ ಪೈನ್ ಮರದ ಒಂದು ಸೂಜಿಯೆಲೆ ಸಿಕ್ಕಿತೆಂದು ಐತಿಹ್ಯ. ಕೊಳವೆಯೊಳಗಿಂದ ಸೂಜಿಯನ್ನು ನೆಡುವ ಉಪಾಯ ಅವನಿಗೆ ಹೊಳೆದದ್ದು ಹೀಗೆ. ಕಣ್ಣಿನ ನೆರವಿಲ್ಲದೆ ಸೂಜಿಯನ್ನು ನೆಟ್ಟಗೆ ನೆಡುವುದು ಇದರಿಂದ ಸಾಧ್ಯವಾಯಿತು. ಮುಂದೆ ಐದನೆಯ ಷೋಗನ್ ಸುನಾಯೋಷಿಯ ಚಿಕಿತ್ಸಕನಾಗಿ, ಅಂಧರಿಗಾಗಿ ಪಾಠಶಾಲೆಯನ್ನು ತೆರೆದು, ಆತ 1694ರಲ್ಲಿ ತೀರಿಕೊಂಡ. ಏನು ಬೇಕೆಂದು ಷೋಗನ್ ಕೇಳಿದಾಗ ‘ಒಂದು ಕಣ್ಣು’ ಎಂದು ಸುಗಿಯಾಮಾ ಬೇಡಿದನಂತೆ. ಷೋಗನ್ ‘ಒಂದನೆಯ ಕಣ್ಣು’ ಎಂಬ ಅರ್ಥ ಬರುವ ಹೆಸರಿನ ಬಡಾವಣೆಯಲ್ಲಿ ಅವನಿಗೆ ನಿವೇಶನವನ್ನು ಕೊಟ್ಟನಂತೆ. ಕಣ್ಣನ್ನು ಕೊಡಲಾರದ ದೊರೆ ನೆಲೆಯನ್ನು ಕೊಟ್ಟ.

ಆ ನೆಲೆ ಮತ್ತೆ ಮತ್ತೆ ಅಲುಗಿತು. 1871ರಲ್ಲಿ ಮೇಯ್ಜಿ ಸರ್ಕಾರ ಅಂಧರ ಸಂಘವನ್ನು ರದ್ದುಮಾಡಿತು. 1911ರಲ್ಲಿ ಕಸುಬಿಗೆ ಪರೀಕ್ಷೆ ಮತ್ತು ಅನುಮತಿಪತ್ರಗಳ ನಿಯಮ ಬಂದಿತು. ಯುದ್ಧದಲ್ಲಿ ಸೋತ ದೇಶವನ್ನು ಅಮೆರಿಕದ ಸೇನಾಡಳಿತ ನೋಡಿಕೊಳ್ಳುತ್ತಿದ್ದಾಗ, 1947ರಲ್ಲಿ, ಈ ಹಳೆಯ ಚಿಕಿತ್ಸೆಗಳು ಅವೈಜ್ಞಾನಿಕವೆಂದು ನಿಷೇಧಿಸುವ ಮಾತೆದ್ದಿತು. ಅಂಧರು ದೇಶದಾದ್ಯಂತ ಪ್ರತಿಭಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಕಾಯಿದೆ ವೃತ್ತಿಯನ್ನು ಉಳಿಸಿತು. ಇಂದಿಗೂ ಜಾರಿಯಲ್ಲಿರುವುದು, ಹಲವು ತಿದ್ದುಪಡಿಗಳೊಡನೆ, ಆ ಕಾಯಿದೆಯೇ.

ಪೀಪಿಯನ್ನೂದುತ್ತ ಬೀದಿ ಸುತ್ತಿದವರ ವಾರಸುದಾರರು ಇಂದು ಅನೇಕ ಕಡೆ ತಮ್ಮ ಮನೆಯಲ್ಲಿಯೇ ಚಿಕಿತ್ಸೆ ನಡೆಸುತ್ತಾರೆ. ಮನೆಯ ಒಂದು ಕೋಣೆಯೇ ಚಿಕಿತ್ಸಾಲಯ. ಹಾಗೆಂದು ಹಾಸಿಗೆ ಹಾಸಿ ರೋಗಿಯನ್ನು ಮಲಗಿಸಿದರೆ ಸಾಲದು. ಆ ಕೋಣೆ ಕನಿಷ್ಠ 6.6 ಚದರ ಮೀಟರು, ಎಂದರೆ ಸುಮಾರು 71 ಚದರಡಿ ಇರಬೇಕು. ಬೇರೆ ಕೆಲಸಕ್ಕೆ ಬಳಸಕೂಡದು. ಕಾದಿರುವವರಿಗೆ ಅದರ ಅರ್ಧದಷ್ಟು ಸ್ಥಳ ಪ್ರತ್ಯೇಕವಾಗಿರಬೇಕು. ಚಿಕಿತ್ಸೆಯ ಕೋಣೆಯ ವಿಸ್ತೀರ್ಣದ ಏಳರಲ್ಲಿ ಒಂದು ಭಾಗದಷ್ಟು ಹೊರಗಾಳಿಗೆ ತೆರೆಯುವಂತಿರಬೇಕು. ಕೈಯನ್ನೂ ಉಪಕರಣಗಳನ್ನೂ ಶುದ್ಧಿಗೊಳಿಸುವ ಏರ್ಪಾಡು ಇರಬೇಕು. ತೆರೆದ ಹತ್ತು ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಮುರಿದ ಅಥವಾ ಕೀಲು ತಪ್ಪಿದ ಎಲುಬಿನ ಮೇಲೆ ವೈದ್ಯರ ಒಪ್ಪಿಗೆಯಿಲ್ಲದೆ ಕೈಯಿಡುವಂತಿಲ್ಲ. ರೋಗಿಯ ಗುಟ್ಟನ್ನು ಹೊರಗೆಡಹುವಂತಿಲ್ಲ.

ಈ ಕೋಣೆಯವರೆಗೆ ಬರುವ ದಾರಿಯೂ ಸಣ್ಣದಲ್ಲ. ಪ್ರೌಢ ವಿದ್ಯಾಭ್ಯಾಸ ಮುಗಿದ ಮೇಲೆ ಮೂರು ವರ್ಷಗಳ ವ್ಯಾಸಂಗ. ಅಂಧವಿದ್ಯಾಲಯಗಳಲ್ಲಿಯೇ ಇದಕ್ಕೆ ವಿಶೇಷ ತರಗತಿಗಳುಂಟು. ಶರೀರರಚನೆ, ಶರೀರಕ್ರಿಯೆ, ರೋಗಲಕ್ಷಣ, ಆರೋಗ್ಯಶಾಸ್ತ್ರ, ಪೌರ್ವಾತ್ಯ ವೈದ್ಯ ಎಲ್ಲವನ್ನೂ ಓದಬೇಕು. ಕಣ್ಣಿಲ್ಲದವರು ಎಲುಬಿನ ಮಾದರಿಗಳನ್ನು ಕೈಯಿಂದ ತಡವಿ ಕಲಿಯುತ್ತಾರೆ. ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ. ಅದನ್ನು ಬ್ರೈಲ್ ಲಿಪಿಯಲ್ಲಿಯೂ ಬರೆಯಬಹುದು. ಒಂದೇ ಅನುಮತಿಪತ್ರದಲ್ಲಿ ಮೂರು ವಿದ್ಯೆಗಳು ಅಡಗಿವೆ. ಅನ್ಮಾದಲ್ಲಿ ನಮ್ಮ ಅಭ್ಯಂಗದಂತೆ ಎಣ್ಣೆಯಿಲ್ಲ. ಬಟ್ಟೆಯ ಮೇಲಿನಿಂದ, ದೇಹದ ನಡುವಿನಿಂದ ಕೈಕಾಲುಗಳ ತುದಿಯ ಕಡೆಗೆ ಒತ್ತುತ್ತ ಹೋಗುವುದು ಅದರ ಕ್ರಮ. ಪಾಶ್ಚಾತ್ಯ ಮಸಾಜು ಬರಿಮೈಯ ಮೇಲೆ, ತುದಿಯಿಂದ ಹೃದಯದ ಕಡೆಗೆ. ಷಿಯಾಟ್ಸು ಎಂಬುದರಲ್ಲಿ ಉಜ್ಜುವುದೇ ಇಲ್ಲ. ಹೆಬ್ಬೆರಳಿನ ಒತ್ತಡವೇ ಪ್ರಧಾನ.

ಇಷ್ಟು ಕಲಿತವರು ಮನೆಯ ಮುಂದೆ ಹಲಗೆಯಲ್ಲಿ ಏನು ಬರೆಸಬಹುದು? ಹೆಸರು, ವಿಳಾಸ, ವೃತ್ತಿ, ದೂರವಾಣಿ ಸಂಖ್ಯೆ, ಚಿಕಿತ್ಸೆಯ ಸಮಯ, ಇಂಥವನ್ನು ಮಾತ್ರ. ತಮ್ಮ ನೈಪುಣ್ಯ, ವಿಧಾನ, ಪೂರ್ವಾನುಭವಗಳನ್ನು ಜಾಹೀರು ಮಾಡಲು ಕಾಯಿದೆಯಲ್ಲಿ ಎಡೆಯಿಲ್ಲ. ವೈದ್ಯವೃತ್ತಿಯ ಗಾಂಭೀರ್ಯಕ್ಕೆ ಇದು ಒಪ್ಪುವ ನಿಯಮವೇ. ಆದರೆ ಪಕ್ಕದ ಬೀದಿಯಲ್ಲಿ ದೀಪಗಳ ಸಾಲಿನಲ್ಲಿ ‘ಆಯಾಸ ಪರಿಹಾರ’ವೆಂದು ಸಾರುವ ಅಂಗಡಿಗಳಿವೆ, ಅನುಮತಿಪತ್ರವಿಲ್ಲದವರು ಬೇರೆ ಬೇರೆ ಹೆಸರುಗಳಿಂದ ಅಲ್ಲಿ ಮೈಯೊತ್ತುತ್ತಾರೆ. ಅನುಮತಿಯಿಲ್ಲದ ಚಿಕಿತ್ಸೆಯಿಂದ ಆರೋಗ್ಯಕ್ಕೆ ಹಾನಿಯಾಗುವ ಭಯವಿದ್ದರೆ ಮಾತ್ರ ಅದು ದಂಡನೀಯವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ತೀರ್ಪಿತ್ತ ಮೇಲೆ, ಇಂಥವರನ್ನು ತಡೆಯುವುದು ಕಷ್ಟವಾಯಿತು. ಕಲಿತವನು ಕಲಿತೆನೆನ್ನಲಾರ, ಕಲಿಯದವನಿಗೆ ಕೂಗಲು ಅಡ್ಡಿಯಿಲ್ಲ.

ಈ ಅಸಮತೆಯ ನಡುವೆ ಅಂಧರಿಗೆ ಆಸರೆಯಾಗಿರುವುದು 1964ರ ಒಂದು ತಿದ್ದುಪಡಿ. ಅಂಧರ ಜೀವನೋಪಾಯಕ್ಕೆ ಧಕ್ಕೆಯೆಂದು ತೋರಿದರೆ, ಕಣ್ಣುಳ್ಳವರಿಗಾಗಿ ಅಂಗಮರ್ದನದ ಹೊಸ ಶಾಲೆಗಳನ್ನು ತೆರೆಯಲು ಸರ್ಕಾರ ‘ಸದ್ಯದ ಮಟ್ಟಿಗೆ’ ಅನುಮತಿಯನ್ನು ನಿರಾಕರಿಸಬಹುದು. ಆ ‘ಸದ್ಯ’ ಅರ್ಧ ಶತಮಾನವನ್ನು ಮೀರಿತು. ಇದು ಉದ್ಯೋಗ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಶಿಕ್ಷಣ ಸಂಸ್ಥೆಯೊಂದು ನ್ಯಾಯಾಲಯದ ಮೊರೆಹೊಕ್ಕಿತು. ನಿಯಮ ಸಂವಿಧಾನಬದ್ಧವೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ತೀರ್ಮಾನಿಸಿತು.

ಸಂಸ್ಥೆಯ ವಾದದಲ್ಲಿ ಹುರುಳಿಲ್ಲದಿಲ್ಲ. ಅಂಧನೆಂದರೆ ಅಂಗಮರ್ದಕನೇ ಆಗಬೇಕೆಂಬುದು ಅವನಿಗೂ ಒಂದು ಬಂಧನ. ಕಂಪ್ಯೂಟರು ಬಂದ ಮೇಲೆ ಬೇರೆ ಬಾಗಿಲುಗಳೂ ತೆರೆದಿವೆ. ಆದರೆ ಹೊಸ ಬಾಗಿಲು ತೆರೆಯಿತೆಂದು ಹಳೆಯದನ್ನು ಮುಚ್ಚುವುದು ವಿವೇಕವಲ್ಲ. ಅನುಮತಿಪತ್ರ ಪಡೆದವರಲ್ಲಿ ಕಣ್ಣುಳ್ಳವರೇ ಈಗಾಗಲೇ ಬಹುಸಂಖ್ಯಾತರು. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಮನೆಮಂದಿಯನ್ನು ಸಾಕಬೇಕಾದವನಿಗೆ ಇಂದಿಗೂ ಕೈಗೆಟುಕುವ ವೃತ್ತಿಯಿದು. ಅವನು ಬೇಡುತ್ತಿರುವುದು ಭಿಕ್ಷೆಯನ್ನಲ್ಲ. ಎಪ್ಪತ್ತೊಂದು ಚದರಡಿಯ ಒಂದು ಕೋಣೆ, ಗೋಡೆಯ ಮೇಲೆ ದುಡಿದು ಗಳಿಸಿದ ಒಂದು ಅನುಮತಿಪತ್ರ, ನಂಬಿ ಒಳಗೆ ಬರುವ ರೋಗಿ, ಇಷ್ಟಿದ್ದರೆ ಅವನ ಮನೆಯಲ್ಲಿ ಒಲೆ ಉರಿಯುತ್ತದೆ. ಆ ಒಲೆಯನ್ನು ಕಾಯುವುದು ಕಣ್ಣುಳ್ಳವರ ಕರುಣೆಯಲ್ಲ, ಋಣ.