ಅಕ್ಕಿಯ ವಯಸ್ಸು, ಆಲೂಗಡ್ಡೆಯ ಪ್ರಾಯ

ಎರಡು ಲೋಟ ಅಕ್ಕಿ ಹಿಟ್ಟು, ಎರಡು ಲೋಟ ನೀರು, ರುಚಿಗೆ ತಕ್ಕಷ್ಟು ಉಪ್ಪು. ಅಕ್ಕಿ ರೊಟ್ಟಿ ಮಾಡುವ ಬಗೆ ಎಲ್ಲಿ ಓದಿದರೂ ಶುರುವಾಗುವುದು ಹೀಗೇ. ಸೋನಾ ಮಸೂರಿಯೇ ಆಗಬೇಕು, ದಪ್ಪಕ್ಕಿಯೇ ಆಗಬೇಕು ಎಂದು ಹಟ ಹಿಡಿಯುವವರೂ ಅದು ಯಾವ ವರ್ಷದ ಬೆಳೆ ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಜೊತೆಗೆ ಮಾಡುವ ಸಾಗುವಿನ ಕತೆಯೂ ಅಷ್ಟೇ: ‘ಮಧ್ಯಮ ಗಾತ್ರದ ಆಲೂಗಡ್ಡೆ ನಾಲ್ಕು.’ ಆ ನಾಲ್ಕು ಗಡ್ಡೆ ಮೊನ್ನೆ ಮಣ್ಣಿನಿಂದ ಎದ್ದವೋ, ಶೀತಲಗೃಹದಲ್ಲಿ ಏಳು ತಿಂಗಳು ಮಲಗಿ ಬಂದವೋ, ಬರೆದವರು ವಿಚಾರಿಸಿದಂತಿಲ್ಲ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ನುರಿತ ಕೈಗಳು ಮೊದಲು ನೋಡುವುದು ಇದನ್ನೇ. ಲೋಟ ಆಮೇಲೆ.

ಅಕ್ಕಿಗೆ ವಯಸ್ಸಾಗುತ್ತದೆ ಎಂಬುದನ್ನು ನಮ್ಮ ದಿನಸಿ ಅಂಗಡಿಗಳಂತೂ ಮರೆತಿಲ್ಲ. ಅದೇ ತಳಿ, ಅದೇ ಗಿರಣಿ, ಆದರೂ ಹಳೇ ಅಕ್ಕಿಗೆ ನಾಲ್ಕು ಕಾಸು ಹೆಚ್ಚು. ಹೊಸ ಅಕ್ಕಿಯ ಅನ್ನ ಮುದ್ದೆಗಟ್ಟುತ್ತದೆ, ಗಂಜಿ ಜಾಸ್ತಿ ಬಿಡುತ್ತದೆ. ವರ್ಷ ದಾಟಿದ ಅಕ್ಕಿ ನೀರು ಹೆಚ್ಚು ಕುಡಿದು, ಹೆಚ್ಚು ಅರಳಿ, ಬಿಡಿಬಿಡಿಯಾಗಿ ನಿಲ್ಲುತ್ತದೆ. ಹೊಸ ಧಾನ್ಯ ಗುರು, ವರ್ಷ ಕಳೆದದ್ದು ಲಘು ಎಂದು ಆಯುರ್ವೇದದ ಗ್ರಂಥಗಳು ಹಿಂದೆಯೇ ವಿಂಗಡಿಸಿವೆ. ಕಾಯಿಲೆಯಿಂದ ಎದ್ದವರಿಗೆ ಹಳೇ ಅಕ್ಕಿಯ ಗಂಜಿಯನ್ನೇ ಕೊಡುವುದು ಅದಕ್ಕೆ. ಧಾನ್ಯರಸಾಯನ ಓದಿದವರ ವಿವರಣೆ ಬೇರೆ ದಾರಿಯದು. ದಾಸ್ತಾನಿನಲ್ಲಿ ಪಿಷ್ಟದ ಮೊತ್ತ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬದಲಾಗುವುದು ಪಿಷ್ಟದ ಕಣಗಳ ಸುತ್ತ ಇರುವ ಪ್ರೋಟೀನು ಮತ್ತು ಕೊಬ್ಬು. ಪ್ರೋಟೀನಿನ ಎಳೆಗಳ ನಡುವೆ ಗಂಧಕದ ಕೊಂಡಿಗಳು ಕೂಡುತ್ತ ಹೋಗುತ್ತವೆ, ಕೊಬ್ಬು ಒಡೆಯುತ್ತದೆ. ಬೇಯುವಾಗ ಕಣ ಬೇಗ ಒಡೆದು ಅಂಟಾಗುವ ಬದಲು ನೀರನ್ನು ಹಿಡಿದುಕೊಂಡು ಉಬ್ಬುತ್ತದೆ.

ಹಾಗೆಂದು ಹೊಸ ಅಕ್ಕಿ ಕೀಳಲ್ಲ. ಕೊಡಗಿನ ಹುತ್ತರಿಯಲ್ಲಿ, ಮಲೆನಾಡು ಕರಾವಳಿಯ ಹೊಸ್ತಿನ ಊಟದಲ್ಲಿ ಅದು ಪಾಯಸವಾಗುತ್ತದೆ. ಪಾಯಸಕ್ಕೆ ಬೇಕಾದದ್ದು ಅಂಟೇ. ಹಬ್ಬ ಮಾಡಿದವರು ಅಷ್ಟು ತಿಳಿದೇ ಮಾಡಿದ್ದಾರೆ. ಉಳಿದ ಭತ್ತ ಕಣಜ ಸೇರುತ್ತದೆ. ರೊಟ್ಟಿಯ ಸರದಿ ಬರುವುದಕ್ಕೆ ಇನ್ನೂ ಕಾಲವಿದೆ.

ಗೋಧಿ ಹಿಟ್ಟಿನಲ್ಲಿ ಗ್ಲೂಟನ್ ಎಂಬ ಜಿಗುಟು ಪ್ರೋಟೀನಿದೆ. ತಣ್ಣೀರು ಹಾಕಿ ನಾದಿದರೂ ಅದು ಬಲೆ ಕಟ್ಟಿಕೊಂಡು, ಲಟ್ಟಣಿಗೆ ಎಳೆದತ್ತ ಹಿಗ್ಗುತ್ತದೆ. ಅಕ್ಕಿಗೆ ಆ ಭಾಗ್ಯವಿಲ್ಲ. ತಣ್ಣೀರಿನಲ್ಲಿ ಕಲಸಿ ತೆಳ್ಳಗೆ ಲಟ್ಟಿಸಲು ಹೋದರೆ ಅಂಚೆಲ್ಲ ಬಿರುಕು. ಆದ್ದರಿಂದ ಮಲೆನಾಡಿನವರು ಹಿಟ್ಟನ್ನು ಉಕ್ಕರಿಸುತ್ತಾರೆ. ಉಪ್ಪು ಹಾಕಿದ ನೀರು ಕುದಿಯುವಾಗ ಹಿಟ್ಟು ಸುರಿದು, ಗುಡ್ಡೆಯ ನಡುವೆ ಕೋಲಿನಿಂದ ಒಂದೆರಡು ತೂತು ಕೊರೆದು, ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬಿಟ್ಟು, ಇಳಿಸಿ ತಿರುವಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದುತ್ತಾರೆ. ಅಕ್ಕಿಯ ಪಿಷ್ಟ ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಗ್ಲೂಟನ್ ಮಾಡಬೇಕಾದ ಕೆಲಸವನ್ನು ಈ ಅಂಟು ಮಾಡುತ್ತದೆ. ಹಿಟ್ಟು ಆರಿದ ಮೇಲೆ ಎಷ್ಟು ನಾದಿದರೂ ನುಣುಪು ಬರುವುದಿಲ್ಲ, ಬರೀ ಕೈನೋವು.

ವಯಸ್ಸು ಲೆಕ್ಕಕ್ಕೆ ಬರುವುದು ಈ ಹಂತದಲ್ಲಿ. ಹೊಸ ಅಕ್ಕಿಯ ಹಿಟ್ಟಿಗೆ ಸಮಸಮ ನೀರಿಟ್ಟರೆ ಅದು ಅಂಗೈ ಬಿಟ್ಟು ಏಳುವುದಿಲ್ಲ. ಹಿಟ್ಟು ಉದುರಿಸಿ ಉದುರಿಸಿ ಕೊನೆಗೆ ರೊಟ್ಟಿ ದಪ್ಪವಾಗುತ್ತದೆ. ಎರಡು ವರ್ಷದ ಅಕ್ಕಿಗೆ ಅಷ್ಟೇ ನೀರಿಟ್ಟರೆ ಸುತ್ತಲೂ ಸೀಳು. ಎರಡು ಲೋಟಕ್ಕೆ ಹೊಸದಾದರೆ ಕಾಲು ಲೋಟ ಕಡಿಮೆ, ಹಳತಾದರೆ ಕಾಲು ಲೋಟ ಹೆಚ್ಚು ಎಂಬುದು ಒಂದು ಅಂದಾಜು, ಅಷ್ಟೇ. ಪಕ್ಕದಲ್ಲಿ ಒಂದು ತಂಬಿಗೆ ಬಿಸಿನೀರು, ಒಂದು ಹಿಡಿ ಒಣ ಹಿಟ್ಟು ಇಟ್ಟುಕೊಂಡವರು ಯಾವ ಅಳತೆಗೂ ಅಂಜಬೇಕಿಲ್ಲ. ಬೀಸಿದ ರೀತಿಯೂ ಸೇರಿಕೊಳ್ಳುತ್ತದೆ. ಅಕ್ಕಿ ತೊಳೆದು, ನೆರಳಲ್ಲಿ ಆರಹಾಕಿ, ಪೂರ್ತಿ ಒಣಗುವ ಮುನ್ನ ಬೀಸಿಸಿದ ಹಿಟ್ಟು ನಯ. ಒಣ ಅಕ್ಕಿಯನ್ನು ನೇರ ಗಿರಣಿಗೆ ಸುರಿದರೆ ಹಿಟ್ಟು ಬಿಸಿಯಾಗಿ, ಪಿಷ್ಟದ ಕಣಗಳು ಜಜ್ಜಿಹೋಗಿ, ನೀರಿನ ಲೆಕ್ಕ ಮತ್ತೆ ತಪ್ಪುತ್ತದೆ. ಈ ತೊಳೆದು ಬೀಸುವ ಪದ್ಧತಿ ನಗರದ ಮನೆಗಳಲ್ಲಿ ಬಿಟ್ಟುಹೋದದ್ದು ರೊಟ್ಟಿಯ ಮಟ್ಟಿಗೆ ದೊಡ್ಡ ನಷ್ಟ ಎಂದೇ ನನ್ನ ಎಣಿಕೆ.

ಹದ ಕೂಡಿದ ರೊಟ್ಟಿಯನ್ನು ಕಾವಲಿಯಲ್ಲಿ ಎರಡೂ ಮಗ್ಗುಲು ಬಾಡಿಸಿ ಕೆಂಡದ ಮೇಲೆ ಹಾಕಿದರೆ ಉಬ್ಬುತ್ತದೆ. ಮೇಲಿನ ಪದರ, ಕೆಳಗಿನ ಪದರ ಎರಡೂ ಆವಿ ಸೋರದಷ್ಟು ಗಟ್ಟಿಯಾಗಿ, ನಡುವೆ ಇನ್ನೂ ತೇವ ಉಳಿದಿದ್ದರೆ ಮಾತ್ರ ಈ ಉಬ್ಬು. ಎಲ್ಲೋ ಒಂದು ಕೂದಲೆಳೆಯ ಸೀಳಿದ್ದರೂ ಆವಿ ಅಲ್ಲಿಂದ ಜಾರಿಕೊಳ್ಳುತ್ತದೆ. ಹಳೇ ಮೈಸೂರಿನ ತಟ್ಟುವ ರೊಟ್ಟಿಗೆ ಈ ಕಷ್ಟವೇ ಇಲ್ಲ. ಅಲ್ಲಿ ಈರುಳ್ಳಿ, ಸಬ್ಬಸಿಗೆ ಸೊಪ್ಪು, ತೆಂಗಿನತುರಿ ಸೇರಿಸಿ ಮೆತ್ತಗೆ ಕಲಸಿದ ಹಿಟ್ಟನ್ನು ತಣ್ಣನೆಯ ಬಾಣಲೆಗೇ ತಟ್ಟಿ, ಬೆರಳಲ್ಲಿ ತೂತಿಟ್ಟು, ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸುತ್ತಾರೆ. ಪಿಷ್ಟ ಅಂಟಾಗುವುದು ಬಾಣಲೆಯೊಳಗೇ. ಕೊಡಗಿನವರು ಬೇಯಿಸಿದ ಅನ್ನವನ್ನೇ ಹಿಟ್ಟಿನೊಂದಿಗೆ ನಾದಿ ಒಟ್ಟಿ ಮಾಡುತ್ತಾರೆ. ಮೂರು ಸೀಮೆಯವರು ಒಂದೇ ತೊಡಕನ್ನು ಮೂರು ಹಂತದಲ್ಲಿ ಬಿಡಿಸಿದ್ದಾರೆ: ಒಬ್ಬರು ಪಾತ್ರೆಯಲ್ಲಿ, ಒಬ್ಬರು ಬಾಣಲೆಯಲ್ಲಿ, ಒಬ್ಬರು ಅನ್ನದಲ್ಲೇ.

ಇನ್ನು ಆಲೂಗಡ್ಡೆ. ಅಕ್ಕಿಯದು ವರ್ಷದ ಲೆಕ್ಕವಾದರೆ ಇದರದು ತಿಂಗಳ ಲೆಕ್ಕ.

ಉತ್ತರದ ಬಯಲಿನಲ್ಲಿ ಇದು ಚಳಿಗಾಲದ ಬೆಳೆ. ಹಾಸನದಲ್ಲಿ ಮುಂಗಾರು ನಂಬಿ ಮೇ, ಜೂನ್‌ನಲ್ಲಿ ಬಿತ್ತಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೀಳುತ್ತಾರೆ. ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಅಲ್ಲಿ ಬೆಳೆದು, ಶೀತಲಗೃಹದಲ್ಲಿ ಕಾದು, ಬೇಸಿಗೆ ಕೊನೆಗೆ ಹಾಸನದ ಎಪಿಎಂಸಿ ಅಂಗಳದಲ್ಲಿ ಮೂಟೆ ಮೂಟೆಯಾಗಿ ಇಳಿಯುತ್ತದೆ. ರೈತ ಮೂಟೆ ಬಿಚ್ಚಿಸಿ ಮೊದಲು ನೋಡುವುದು ಗಡ್ಡೆಯ ಕಣ್ಣನ್ನು. ಕಿತ್ತ ಮೇಲೆ ಎರಡು ಮೂರು ತಿಂಗಳು ಆಲೂಗಡ್ಡೆ ಸುಪ್ತಾವಸ್ಥೆಯಲ್ಲಿರುತ್ತದೆ, ಮೊಳೆಯುವುದಿಲ್ಲ. ಗಿಡ್ಡ, ಗಟ್ಟಿ ಮೊಳಕೆಗಳು ನಾಲ್ಕಾರು ಕಡೆ ಎದ್ದಿದ್ದರೆ ಒಳ್ಳೆಯ ಪ್ರಾಯ. ಉದ್ದ ಬಿಳಿ ಬಾಲ ಬಿಟ್ಟು ಮೈ ಮೆತ್ತಗಾಗಿದ್ದರೆ ಮುಪ್ಪು. ಕೃಷಿವಿಜ್ಞಾನಿಗಳು ಇದನ್ನು ಗಡ್ಡೆಯ ಶಾರೀರಿಕ ವಯಸ್ಸು ಎಂದೇ ಕರೆಯುತ್ತಾರೆ. ಪಂಚಾಂಗದ ಪ್ರಕಾರ ಒಂದೇ ದಿನ ಕಿತ್ತ ಎರಡು ಗಡ್ಡೆಗಳು, ಒಂದು ತಂಪಿನಲ್ಲಿದ್ದು ಒಂದು ಸೆಕೆಯಲ್ಲಿದ್ದರೆ, ಬೇರೆ ಬೇರೆ ವಯಸ್ಸಿನವಾಗುತ್ತವೆ.

ತಳಿಗೂ ಮುಪ್ಪು ಬರುತ್ತದೆ. ಹಾಸನ ಬಹುಕಾಲ ನೆಚ್ಚಿಕೊಂಡಿರುವ ಕುಫ್ರಿ ಜ್ಯೋತಿ, ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. ಕುಫ್ರಿ ಎಂಬುದು ಶಿಮ್ಲಾದ ಬಳಿಯ ಊರು. ಅಂಗಮಾರಿಯನ್ನು ತಡೆದುಕೊಳ್ಳುತ್ತದೆ ಎಂಬುದೇ ಆಗ ಅದರ ಹೆಗ್ಗಳಿಕೆಯಾಗಿತ್ತು. ರೋಗಾಣು ಬದಲಾಗುತ್ತ ಹೋಯಿತು, ಗಿಡ ಹಾಗೆಯೇ ಉಳಿಯಿತು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದ ಜುಲೈನಲ್ಲಿ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುವುದನ್ನು ಹಾಸನದವರು ಕಂಡಿದ್ದಾರೆ. 1845ರಿಂದ ಐರ್ಲೆಂಡಿನಲ್ಲಿ ಬೆಳೆ ಕೊಳೆಯಿಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದೂ ಇದೇ ರೋಗ. ಬೇಸತ್ತು ಹಾಸನದ ಎಷ್ಟೋ ಮಂದಿ ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿದರು. ಅಂಗಾಂಶ ಕೃಷಿಯ ತಾಯಿಗಿಡದ ಕುಡಿಗಳಿಗೆ ಬೇರು ಬರಿಸಿ, ಅವನ್ನು ನೆಟ್ಟು, ಬಿತ್ತನೆ ಗಡ್ಡೆಯನ್ನು ಊರಲ್ಲೇ ಬೆಳೆಯುವ ಪ್ರಯತ್ನ ಈಚೆಗೆ ನಡೆದಿದೆ. ಅದು ಗೆದ್ದರೆ ಜಲಂಧರದ ಲಾರಿಗೆ ಕಾಯುವುದಾದರೂ ತಪ್ಪೀತು.

ಆಗಸ್ಟಿನಲ್ಲಿ ಹಾಸನದ ಗಡ್ಡೆ ಬಂದಾಗ ಅದರ ಸಿಪ್ಪೆಯನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಸಾಕು, ಏಳುತ್ತದೆ. ಅದೇ ಹೊತ್ತಿನಲ್ಲಿ ಬೆಂಗಳೂರಿನ ಮಾರುಕಟ್ಟೆಯಲ್ಲಿ ಸಿಗುವ ಆಗ್ರಾ ಗಡ್ಡೆ ಮಾರ್ಚಿನ ಸುತ್ತಮುತ್ತ ಕಿತ್ತದ್ದು, ಅಂದಿನಿಂದ ಎರಡರಿಂದ ನಾಲ್ಕು ಡಿಗ್ರಿ ಚಳಿಯಲ್ಲಿ ಇದ್ದದ್ದು. ಅಷ್ಟು ಚಳಿಯಲ್ಲಿ ಗಡ್ಡೆ ತನ್ನ ಪಿಷ್ಟದ ಒಂದಂಶವನ್ನು ಸಕ್ಕರೆಯಾಗಿ ಒಡೆದುಕೊಳ್ಳುತ್ತದೆ. ಪಲ್ಯ ಸಿಹಿಯಾಗುವುದಕ್ಕೂ, ಬಾಣಲೆಗೆ ಹಾಕಿದ ಹೋಳು ಒಳಗೆ ಬೇಯುವ ಮೊದಲೇ ಕಂದುವುದಕ್ಕೂ ಕಾರಣ ಈ ಸಕ್ಕರೆ. ಚಿಪ್ಸ್ ಮಾಡುವವರು ತಮ್ಮ ಗಡ್ಡೆಯನ್ನು ಹತ್ತು ಹನ್ನೆರಡು ಡಿಗ್ರಿಯಲ್ಲಿಟ್ಟು, ಮೊಳಕೆ ತಡೆಯುವ ಔಷಧ ಹಾಕುವುದು ಇದೇ ಭಯಕ್ಕೆ. ಮನೆಯವರು ಮಾಡಬಹುದಾದದ್ದು ಸುಲಭ: ತಂದ ಗಡ್ಡೆಯನ್ನು ಫ್ರಿಜ್ಜಿಗೆ ತುರುಕದೆ, ಬೆಳಕು ಬೀಳದ ಮೂಲೆಯಲ್ಲಿ ಎರಡು ವಾರ ಹರಡಿಡುವುದು. ಸಕ್ಕರೆ ಸ್ವಲ್ಪಮಟ್ಟಿಗೆ ಕರಗುತ್ತದೆ. ಬೆಳಕು ಬಿದ್ದರೆ ಮಾತ್ರ ಹಸಿರಾಗಿ ಕಹಿ ವಿಷ ಕೂಡುತ್ತದೆ, ಅಂಥದ್ದನ್ನು ಎಸೆಯುವುದೇ ಸರಿ. ಆಲೂಗಡ್ಡೆಯ ತವರಾದ ಪೆರು, ಬೊಲಿವಿಯದ ಎತ್ತರದ ಬಯಲಿನವರು ಈ ಇಡೀ ತಾಪತ್ರಯವನ್ನೇ ದಾಟಿದ್ದರು. ರಾತ್ರಿಯ ಹಿಮಕ್ಕೆ ಗಡ್ಡೆ ಒಡ್ಡಿ, ಹಗಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದ ಅವರ ಚುನ್ಯೊ ವರ್ಷಗಟ್ಟಲೆ ಕೆಡುವುದಿಲ್ಲ.

ಸಾಗುವಿಗೆ ಬರೋಣ. ಮಸಾಲೆ ಎಲ್ಲರಿಗೂ ಗೊತ್ತಿರುವುದೇ: ತೆಂಗಿನತುರಿ, ಹುರಿಗಡಲೆ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಶುಂಠಿ, ಚೂರು ಚಕ್ಕೆ, ಒಂದೆರಡು ಲವಂಗ, ಬೇಕಿದ್ದರೆ ಚಿಟಿಕೆ ಗಸಗಸೆ. ಯಾವುದು ಎಷ್ಟು ಎಂಬುದನ್ನು ಗಡ್ಡೆ ತೀರ್ಮಾನಿಸಲಿ. ಎಳೆಯ ಗಡ್ಡೆಯಲ್ಲಿ ಪಿಷ್ಟ ಕಡಿಮೆ, ನೀರು ಹೆಚ್ಚು. ಹೋಳು ಕಟ್ಟಿದ ಹಾಗೆ ನಿಲ್ಲುತ್ತದೆ, ಸಾರಕ್ಕೆ ಏನನ್ನೂ ಬಿಟ್ಟುಕೊಡುವುದಿಲ್ಲ. ಅದಕ್ಕೆ ಹುರಿಗಡಲೆ ಎರಡು ಚಮಚ ಏರಿಸಬೇಕು. ಬಲಿತ ಗಡ್ಡೆ ಹಿಟ್ಟುಹಿಟ್ಟಾಗಿ ಒಡೆಯುತ್ತದೆ. ನಾಲ್ಕು ಹೋಳನ್ನು ಸೌಟಿನ ಬೆನ್ನಲ್ಲಿ ಕಿವುಚಿದರೆ ಸಾಗು ತಾನೇ ಕೂಡಿಕೊಳ್ಳುತ್ತದೆ, ಹುರಿಗಡಲೆ ನೆಪಕ್ಕೆ ಸಾಕು. ಶೀತಲಗೃಹದ ಸಿಹಿ ಗಡ್ಡೆಗೆ ಮೆಣಸು, ಶುಂಠಿ ಒಂದು ಪಾಲು ಹೆಚ್ಚಿರಲಿ, ಇಳಿಸಿದ ಮೇಲೆ ನಿಂಬೆರಸವೂ ಬೀಳಲಿ. ಇಳಿಸಿದ ಮೇಲೆ ಎಂಬುದಕ್ಕೆ ಅರ್ಥವಿದೆ. ಟೊಮ್ಯಾಟೊ, ಹುಣಸೆ, ನಿಂಬೆ ಯಾವ ಹುಳಿಯಾದರೂ ಹಸಿ ಆಲೂಗಡ್ಡೆಯ ಜೊತೆ ಒಲೆ ಏರಿದರೆ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಬೇಗ ಕರಗುವುದಿಲ್ಲ, ಅರ್ಧ ಗಂಟೆ ಕುದಿಸಿದರೂ ಹೋಳು ಹಲ್ಲಿಗೆ ಕಟುಕುಟು ಎನ್ನುತ್ತದೆ. ಇಡೀ ಗಡ್ಡೆ ಬೇಯಿಸುವುದಾದರೆ ಸಿಪ್ಪೆ ಸಮೇತ ತಣ್ಣೀರಿನಲ್ಲಿಟ್ಟು ಒಲೆ ಹಚ್ಚಬೇಕು. ಕುದಿಯುವ ನೀರಿಗೆ ಹಾಕಿದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಒಡೆದಿರುತ್ತದೆ.

ಮೂರನೆಯ ಮಂಗರಸ 16ನೆಯ ಶತಮಾನದ ಆದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿನಿಸುಗಳಿಗೇ ಒಂದು ಅಧ್ಯಾಯವಿದೆ, ಬದನೆಗೂ ತಕ್ಕ ಮರ್ಯಾದೆಯಿದೆ. ಆಲೂಗಡ್ಡೆ ಇಲ್ಲ, ಹಸಿಮೆಣಸಿನಕಾಯಿಯೂ ಇಲ್ಲ. ಎರಡೂ ಆಗಿನ್ನೂ ನಮ್ಮ ನೆಲ ಮುಟ್ಟಿರಲಿಲ್ಲ. ಹೀಗಿರುವಾಗ ರೊಟ್ಟಿ ಸಾಗು ಸಂಪ್ರದಾಯವೋ ಅಲ್ಲವೋ ಎಂಬ ಚರ್ಚೆ ಆಗಾಗ ಏಳುತ್ತದೆ. ನನಗೆ ಅದರಲ್ಲಿ ಆಸಕ್ತಿ ಕಡಿಮೆ, ಬಿಸಿ ರೊಟ್ಟಿ ಎದುರಿಗಿದ್ದಾಗ ಇನ್ನೂ ಕಡಿಮೆ.

ಅಮೆರಿಕದಲ್ಲಿರುವ ಕನ್ನಡಿಗರು ಈ ವಯಸ್ಸಿನ ಲೆಕ್ಕವನ್ನು ತಳಿಯ ಲೆಕ್ಕವಾಗಿ ಕಲಿಯಬೇಕಾಗುತ್ತದೆ. ಅಲ್ಲಿನ ಅಗ್ಗದ ರಸೆಟ್ ಗಡ್ಡೆ ಪಿಷ್ಟದ ಮುದ್ದೆ, ಸಾಗುವಿನಲ್ಲಿ ಕರಗಿ ಕಾಣೆಯಾಗುತ್ತದೆ. ಕೆಂಪು ಸಿಪ್ಪೆಯದು ನಮ್ಮ ಎಳೆ ಗಡ್ಡೆಯಂತೆ ನಿಲ್ಲುತ್ತದೆ. ಥಾಯ್ಲೆಂಡಿನ ಅಕ್ಕಿ ಹಿಟ್ಟಿನ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಅಕ್ಕಿ ನೆನೆಸಿ ಅರೆದು ಒಣಗಿಸಿದ ಹಿಟ್ಟು. ರೊಟ್ಟಿಗೆ ನಯವಾಗಿ ಒದಗುತ್ತದೆ, ನೀರು ಮಾತ್ರ ಹೊಸದಾಗಿ ಅಂದಾಜು ಮಾಡಬೇಕು.

ಕೊನೆಗೆ ರೊಟ್ಟಿಯದೇ ವಯಸ್ಸು. ಅದನ್ನು ನಿಮಿಷದಲ್ಲಿ ಎಣಿಸಬೇಕು. ಅಂಟಾಗಿದ್ದ ಪಿಷ್ಟ ತಣಿಯುತ್ತಿದ್ದಂತೆ ಮತ್ತೆ ಹರಳುಗಟ್ಟತೊಡಗುತ್ತದೆ, ರೊಟ್ಟಿ ಬಿರುಸಾಗುತ್ತದೆ. ಈ ಹರಳುಗಟ್ಟುವಿಕೆ ಬಲು ಚುರುಕಾಗಿ ನಡೆಯುವುದು ಫ್ರಿಜ್ಜಿನ ತಂಪಿನಲ್ಲೇ. ಉಳಿದ ರೊಟ್ಟಿ ಇಡಲು ಅದಕ್ಕಿಂತ ಕೆಟ್ಟ ಜಾಗವಿಲ್ಲ. ಬೇಕಾದರೆ ಅದರ ಮೇಲಿನ ಹಿಮಪೆಟ್ಟಿಗೆಯಲ್ಲಿಡಬಹುದು. ಬಟ್ಟೆ ಹಾಸಿದ ಡಬ್ಬಿಯಲ್ಲಿ ಒಂದರ ಮೇಲೊಂದು ಬಿಸಿಯಾಗಿ ಪೇರಿಸಿದರೆ ತಮ್ಮ ಆವಿಯಲ್ಲೇ ಒಂದೆರಡು ಗಂಟೆ ಮೆತ್ತಗಿರುತ್ತವೆ. ಆರಿದ್ದಕ್ಕೆ ನೀರು ಚಿಮುಕಿಸಿ ಮುಚ್ಚಿ ಕಾಯಿಸಿದರೆ ಮುಕ್ಕಾಲು ಪಾಲು ಮೆದುವಾಗುತ್ತದೆ, ಪೂರ್ತಿ ಅಲ್ಲ. ಸಾಗುವೂ ರಾತ್ರಿಯೊಳಗೆ ಗಟ್ಟಿಯಾಗಿರುತ್ತದೆ, ಅದಕ್ಕೆ ಬಿಸಿನೀರು ಬೆರೆಸಬೇಕು. ಅಷ್ಟೆಲ್ಲ ಬೇಡವೆಂದರೆ ಮರುದಿನ ರೊಟ್ಟಿಯನ್ನು ಚೂರು ಮಾಡಿ, ಮಜ್ಜಿಗೆ ಚಿಮುಕಿಸಿ, ಸಾಸಿವೆ, ಒಣಮೆಣಸು, ಈರುಳ್ಳಿಯ ಒಗ್ಗರಣೆಗೆ ಹಾಕಿ ಬಾಡಿಸಬಹುದು. ಅದಕ್ಕೆ ಸಾಗು ಬೇಕಾಗುವುದಿಲ್ಲ.